ಎಂಟು ದಿನ ಬಿಟ್ಟು ಬರ್ರಿ: ರೊಟ್ಟಿ ಬಡಿಯುವ ಕೈಗೆ ಪ್ಲೇಟು ಹಾಕಿದ ಪ್ರಕರಣ

ಕೇಸ್ ಶೀಟಿನ ‘ಉದ್ಯೋಗ’ ಎಂಬಲ್ಲಿ ನಮ್ಮ ಹುಡುಗ ‘ಮನೆಗೆಲಸ’ ಎಂದು ಬರೆದಿದ್ದ. ಅರವತ್ತು ದಾಟಿದ ಹೆಣ್ಣುಮಗಳು ಬಂದರೆ ಕೇಳದೆಯೇ ಹಾಗೆ ಬರೆಯುವುದು ರೂಢಿ. ಎಲುಬಿನ ಡಾಕ್ಟರಾದ ನಾನೂ ಎಂದೂ ತಿದ್ದಿದವನಲ್ಲ. ಅವತ್ತು ತಿದ್ದಿದ್ದು ಜೊತೆಗೆ ಬಂದ ಸೊಸೆ. “ಮನಿಗೆಲಸ ಅಲ್ರೀ ಸರ, ನಮ್ಮತ್ತಿ ರೊಟ್ಟಿ ಬಡೀತಾರ್ರಿ. ಕೊಪ್ಪಳದಾಗ ಖಾನಾವಳಿಗೆ ದಿನಾ ನೂರೈವತ್ತು ರೊಟ್ಟಿ ಹೋಗ್ತಾವ್ರಿ.” ಹುಡುಗ ‘ಮನೆಗೆಲಸ’ ಹೊಡೆದುಹಾಕಿ ಮೇಲೆ ‘ರೊಟ್ಟಿ’ ಎಂದು ಬರೆದ. ಹದಿನೈದು ದಿನದ ಮೇಲೆ ಆ ಕೈಗೆ ಏನು ಮಾಡಬೇಕು ಎಂಬ ಪ್ರಶ್ನೆ ಬಂದಾಗ, ಎಕ್ಸ್‌ರೇಗಿಂತ ಹೆಚ್ಚು ನನಗೆ ಉಪಯೋಗಕ್ಕೆ ಬಂದದ್ದು ಆ ಒಂದು ಶಬ್ದ.

ವಯಸ್ಸು 62. ಕೊಪ್ಪಳದಿಂದ ಕುಷ್ಟಗಿ ಕಡೆ ಹೋಗುವ ದಾರಿಯಲ್ಲಿ ಒಂದು ಊರು. ರಕ್ತದೊತ್ತಡಕ್ಕೆ ಮಾತ್ರೆ ಇದೆ, ಸಕ್ಕರೆ ಕಾಯಿಲೆ ಇಲ್ಲ. ಬಚ್ಚಲಿನ ಕಡಪಾ ಕಲ್ಲಿನ ಮೇಲೆ ಸಾಬೂನು ನೀರು ನಿಂತಿತ್ತು, ಕಾಲು ಜಾರಿತು, ಬಲಗೈ ಊರಿದರು. ಮಣಿಕಟ್ಟು ಮುರಿಯುವ ಕಥೆ ನೂರಕ್ಕೆ ತೊಂಬತ್ತು ಸಲ ಇಷ್ಟೇ. ಬಿದ್ದ ಎತ್ತರ ನಿಂತ ಎತ್ತರ, ಅಷ್ಟೇ. ಅಷ್ಟಕ್ಕೇ ಎಲುಬು ಪುಡಿಯಾಗಿದೆ ಎಂದರೆ ಎಲುಬಿನದೇ ಏನೋ ಇದೆ ಎಂದರ್ಥ. ಆ ಮಾತಿಗೆ ಆಮೇಲೆ ಬರುತ್ತೇನೆ. (ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ. ಅಳತೆಗಳನ್ನು ಮುಟ್ಟಿಲ್ಲ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಬಳಿ ಬಂದದ್ದು ಮರುದಿನ. ಮೊದಲು ಹೋದದ್ದು ಪಕ್ಕದೂರಿನ ಕಟ್ಟು ಹಾಕುವವನ ಹತ್ತಿರ. ಮೊಟ್ಟೆಯ ಬಿಳಿ, ಯಾವುದೋ ಸೊಪ್ಪಿನ ಲೇಪ, ನಾಲ್ಕು ಬಿದಿರು ದಬ್ಬೆ, ಮೇಲೆ ಹರಕು ಸೀರೆಯ ಪಟ್ಟಿ. ನಾಟಿ ಕಟ್ಟಿನವರನ್ನು ಬೈದು ಕಳಿಸುವ ಅಭ್ಯಾಸ ನನಗಿಲ್ಲ. ಬೈದರೆ ಮುಂದಿನ ಸಲ ಇನ್ನೂ ಎರಡು ದಿನ ತಡವಾಗಿ ಬರುತ್ತಾರೆ. ಆದರೆ ಬಿಗಿ ಕಟ್ಟಿಗೆ ಕ್ಷಮೆ ಇಲ್ಲ. ಈಕೆಯ ಬೆರಳುಗಳು ಬದನೆಕಾಯಿಯಂತೆ ಊದಿ ಹೊಳೆಯುತ್ತಿದ್ದವು. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ ಜೋಮು. ಮುಂಗೈ ನಡುವೆ ಬರುವ ಮೀಡಿಯನ್ ನರ ಒತ್ತಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ.

ಕಟ್ಟು ಬಿಚ್ಚಿದೆವು. ಉಳಿದದ್ದು ಬಳೆ. ಒಂಬತ್ತು ಹಸಿರು ಗಾಜಿನ ಬಳೆ, ಊತದಲ್ಲಿ ಹೂತು ಕೂತಿದ್ದವು. ಕತ್ತರಿಯ ಹಿಡಿಕೆಯಿಂದ ಒಂದು ಪೆಟ್ಟು ಕೊಟ್ಟರೆ ಕೆಲಸ ಮುಗಿಯುತ್ತದೆ, ಆದರೆ ಗಂಡ ಹೊರಗೆ ಬೆಂಚಿನ ಮೇಲೆ ಕೂತಿರುವ ಹೆಣ್ಣುಮಗಳ ಬಳೆಗೆ ಹಾಗೆ ಪೆಟ್ಟು ಕೊಡಲು ಬರುವುದಿಲ್ಲ. ನಮ್ಮ ಸಿಸ್ಟರ್ ಒಂದು ತೆಳ್ಳನೆ ಪ್ಲಾಸ್ಟಿಕ್ ಚೀಲವನ್ನು ಬೆರಳ ಕಡೆಯಿಂದ ಬಳೆಗಳ ಕೆಳಗೆ ತೂರಿಸಿ, ಒಳಗೆ ಸಾಬೂನು ನೀರು ಹಚ್ಚಿ, ಒಂದೊಂದಾಗಿ ಜಾರಿಸಿದಳು. ಏಳು ಬಂದವು. ಎಂಟನೆಯದು ಚಟಕ್ಕೆಂದಿತು. “ಒಡೀತು ಅನಬ್ಯಾಡವಾ, ಹೆಚ್ಚಾತು ಅನ್ನು,” ಎಂದು ಆ ನೋವಿನಲ್ಲೂ ಸಿಸ್ಟರ್‌ಗೆ ಪಾಠ. ಒಂಬತ್ತನೆಯದೂ ಹೆಚ್ಚಾಯಿತು. ಕೈಗೆ ಪೆಟ್ಟು ಬಿದ್ದ ತಕ್ಷಣ ಬಳೆ, ಉಂಗುರ ತೆಗೆಯಿರಿ. ಊತ ಬರುವುದಕ್ಕೆ ಗಂಟೆ ಸಾಕು. ಸಂಜೆಯ ಹೊತ್ತಿಗೆ ಜೋಮು ಇಳಿಯಿತು.

ಈಗ ಎಕ್ಸ್‌ರೇ. ಮಣಿಕಟ್ಟಿಗೆ ಒಂದೂವರೆ ಇಂಚು ಮೇಲೆ ಮುಂಗೈಯ ಹೆಬ್ಬೆರಳ ಕಡೆಯ ರೇಡಿಯಸ್ ಎಲುಬು ಮುರಿದು, ತುದಿಯ ತುಂಡು ಹಿಂದಕ್ಕೆ, ಎಂದರೆ ಕೈ ಬೆನ್ನಿನ ಕಡೆಗೆ, ವಾಲಿತ್ತು. ಪಕ್ಕದಿಂದ ನೋಡಿದರೆ ಊಟದ ಮುಳ್ಳುಚಮಚದ ಆಕಾರ. ಡಬ್ಲಿನ್ನಿನ ಸರ್ಜನ್ ಅಬ್ರಹಾಂ ಕಾಲಿಸ್ ಇದನ್ನು 1814ರಲ್ಲೇ ವರ್ಣಿಸಿದ್ದ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ; ಅಂದರೆ ಬರೀ ಬೆರಳಲ್ಲಿ ತಡವಿ ಬರೆದದ್ದು. ಇವತ್ತಿಗೂ ಇದರ ಹೆಸರು ಕಾಲಿಸ್ ಫ್ರಾಕ್ಚರ್.

ಸರಿಯಿರುವ ಮಣಿಕಟ್ಟಿನಲ್ಲಿ ರೇಡಿಯಸ್‌ನ ಕೀಲಿನ ಮುಖ ಅಂಗೈ ಕಡೆಗೆ 11 ಡಿಗ್ರಿಯಷ್ಟು ಬಾಗಿರುತ್ತದೆ. ಇವರದು ಹಿಂದಕ್ಕೆ 28 ಡಿಗ್ರಿ. ರೇಡಿಯಸ್ ತುದಿಯ ಎತ್ತರ 11–12 ಮಿ.ಮೀ. ಇರಬೇಕಾದದ್ದು 5 ಮಿ.ಮೀ.ಗೆ ಕುಸಿದಿತ್ತು. ಬೆನ್ನಿನ ಕಡೆಯ ಗೋಡೆ ಚೂರುಚೂರು. ಕೀಲಿನೊಳಕ್ಕೆ ಒಂದು ಬಿರುಕು, ಆದರೆ ತುಂಡುಗಳು ಮೇಲೆ ಕೆಳಗಾಗಿ ಮೆಟ್ಟಿಲು ಬಿದ್ದಿರಲಿಲ್ಲ. ಕಿರುಬೆರಳ ಕಡೆಯ ಎಲುಬಾದ ಅಲ್ನಾದ ತುದಿಯೂ ಮುರಿದಿತ್ತು.

ಮುರಿದ ಜಾಗಕ್ಕೇ ಮರಗಟ್ಟಿಸುವ 1% ಲಿಗ್ನೋಕೇನ್ 10 ಮಿ.ಲೀ. ಕೊಟ್ಟು, ಒಬ್ಬರು ಮೊಣಕೈ ಹಿಡಿದು, ನಾನು ಹೆಬ್ಬೆರಳು ಮತ್ತು ಎರಡು ಬೆರಳು ಹಿಡಿದು ಜಗ್ಗಿದೆ. ನಿಧಾನಕ್ಕೆ, ನಾಲ್ಕೈದು ನಿಮಿಷ. ಆಮೇಲೆ ತುಂಡನ್ನು ಹೆಬ್ಬೆರಳಿನಿಂದ ತಳ್ಳಿ ಕೂಡಿಸಿದೆ. ಮೊಣಕೈ ಕೆಳಗೆ ಪ್ಲಾಸ್ಟರ್, ಬೆರಳ ಗೆಣ್ಣುಗಳು ಬಿಡುವು. ಮತ್ತೊಂದು ಎಕ್ಸ್‌ರೇ: ಹಿಂದಕ್ಕೆ ಬರೀ 2 ಡಿಗ್ರಿ, ಎತ್ತರ 10 ಮಿ.ಮೀ. ನನಗೆ ಸಂತೋಷವಾಯಿತು. ಸಂತೋಷವಾದದ್ದೇ ತಪ್ಪು.

ಯಾಕೆಂದರೆ ಕೂಡಿಸಿದ ಮುರಿತ ಮತ್ತೆ ಜಾರುತ್ತದೆಯೇ ಎಂದು ಊಹಿಸಲು ಐದು ಗುರುತುಗಳಿವೆ. 1989ರಿಂದ ಎಲುಬಿನ ಡಾಕ್ಟರುಗಳಿಗೆಲ್ಲ ಬಾಯಿಪಾಠ. ಲಾಫೊಂಟೇನ್ ಎಂಬವರ ಹೆಸರಿನಲ್ಲಿವೆ. ಮೊದಲ ವಾಲು 20 ಡಿಗ್ರಿಗಿಂತ ಹೆಚ್ಚು, ಬೆನ್ನಿನ ಗೋಡೆ ಪುಡಿ, ಕೀಲಿನೊಳಗೆ ಬಿರುಕು, ಅಲ್ನಾ ಮುರಿತ, ವಯಸ್ಸು 60ಕ್ಕೆ ಮೇಲೆ. ಮೂರಿದ್ದರೆ ನಂಬಬೇಡ ಎನ್ನುತ್ತದೆ ಶಾಸ್ತ್ರ. ಈಕೆಗೆ ಐದೂ ಇದ್ದವು. ಆದರೂ ಮೊದಲು ಪ್ಲಾಸ್ಟರ್ ನೋಡೋಣ ಎಂದದ್ದು ತಪ್ಪಲ್ಲ. ಇಂಗ್ಲೆಂಡಿನ ಡ್ರಾಫ್ಟ್-2 ಅಧ್ಯಯನ (2022, 500 ರೋಗಿಗಳು) ಚೆನ್ನಾಗಿ ಅಚ್ಚು ಒತ್ತಿದ ಪ್ಲಾಸ್ಟರ್‌ಗೂ ತಂತಿ ಚುಚ್ಚಿ ಹಿಡಿಸುವುದಕ್ಕೂ ವರ್ಷದ ಮೇಲೆ ಕೈಯ ಉಪಯೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಿದೆ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ: ಪ್ಲಾಸ್ಟರ್ ಹಾಕಿದವರಲ್ಲಿ ಎಂಟರಲ್ಲಿ ಒಬ್ಬರಿಗೆ ಮುರಿತ ಜಾರಿ, ಆಮೇಲೆ ಆಪರೇಷನ್ ಬೇಕಾಯಿತು. ಪ್ಲಾಸ್ಟರ್ ಹಾಕುವುದೆಂದರೆ ಎರಡನೆಯ ವಾರದ ಎಕ್ಸ್‌ರೇಗೆ ಒಪ್ಪಂದ ಮಾಡಿಕೊಂಡಂತೆ. ಆ ಒಪ್ಪಂದವನ್ನು ನಾನು ಯಾವ ಮಾತಿನಲ್ಲಿ ಮಾಡಿಕೊಂಡೆ?

“ಎಂಟು ದಿನ ಬಿಟ್ಟು ಬರ್ರಿ,” ಎಂದೆ.

ನಮ್ಮ ಕಡೆ ‘ಎಂಟು ದಿನ’ ಅಂದರೆ ವಾರ. ‘ಎಂಟು ದಿನ ಬಿಟ್ಟು’ ಅಂದರೆ ವಾರ ಕಳೆದ ಮೇಲೆ ಯಾವತ್ತಾದರೂ. ‘ಎಂಟ್ಹತ್ತು ದಿನ’ ಅಂದರೆ ಹದಿನೈದು. ‘ಹದಿನೈದು ದಿನ’ ಅಂದರೆ ಅಮಾಸಿ ಕಳೀಲಿ ಎಂದರ್ಥ. ಇದೆಲ್ಲ ಗೊತ್ತಿದ್ದೂ, ಕೊಪ್ಪಳದಲ್ಲೇ ಹುಟ್ಟಿ ಬೆಳೆದೂ, ಚೀಟಿಯ ಮೇಲೆ ತಾರೀಖು ಬರೆಯದೆ ಬಾಯಿಮಾತಿನಲ್ಲಿ ಕಳಿಸಿದೆ. ಅವರು ನನ್ನ ಮಾತನ್ನು ತಪ್ಪಾಗಿ ತಿಳಿಯಲಿಲ್ಲ. ನಾನು ಹೇಳಿದ್ದನ್ನು ಹೇಳಿದಂತೆಯೇ ತಿಳಿದರು.

ಹದಿನೈದನೆಯ ದಿನ

ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂದಿತ್ತು. ಜನವರಿಯ ಜಾತ್ರೆ ಎಂದರೆ ಸುತ್ತಲಿನ ಊರುಗಳಲ್ಲಿ ವಾರಗಟ್ಟಲೆ ಮೊದಲೇ ಒಲೆ ಹತ್ತುತ್ತವೆ. ಮಹಾದಾಸೋಹಕ್ಕೆ ಕಟಿರೊಟ್ಟಿ ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಮಠಕ್ಕೆ ಹೋಗುತ್ತವೆ. ಆ ಓಣಿಯಲ್ಲಿ ರೊಟ್ಟಿಗೆ ಮುಂದಾಳು ಈಕೆಯೇ. “ಬಡಿಲಿಲ್ರೀ ಸರ, ಆಣಿ ಮಾಡ್ತೀನಿ. ಎಡಗೈಲೆ ಒಲಿಗೆ ಕಟ್ಟಿಗಿ ಇಟ್ಟೀನಿ ಅಷ್ಟ,” ಎಂದರು. ಪ್ಲಾಸ್ಟರ್ ಮೇಲೆ ಹೊಗೆ ಮಸಿ, ಅಂಚಿಗೆ ಜೋಳದ ಹಿಟ್ಟು. ಊತ ಇಳಿದು ಪ್ಲಾಸ್ಟರ್ ಎಷ್ಟು ಸಡಿಲಾಗಿತ್ತೆಂದರೆ ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು. ಅಷ್ಟರಲ್ಲೇ ನನಗೆ ಅರ್ಥವಾಗಿತ್ತು. ಎಕ್ಸ್‌ರೇ ಬರೀ ಲೆಕ್ಕಕ್ಕೆ.

ಹಿಂದಕ್ಕೆ 19 ಡಿಗ್ರಿ. ಎತ್ತರ 6 ಮಿ.ಮೀ. ಅಲ್ನಾ ಎಲುಬು ರೇಡಿಯಸ್‌ಗಿಂತ 4 ಮಿ.ಮೀ. ಮುಂದೆ ಚಾಚಿತ್ತು.

ಇಲ್ಲಿಂದ ಮೂರು ದಾರಿ. ಹಾಗೇ ಬಿಡುವುದು. ಮತ್ತೆ ಜಗ್ಗಿ ತಂತಿ ಹಾಕುವುದು. ಬಿಚ್ಚಿ ಪ್ಲೇಟು ಹಾಕುವುದು. ನಡುವಿನದನ್ನು ಬೇಗ ಕೈಬಿಟ್ಟೆ. ಹದಿನೈದು ದಿನಕ್ಕೆ ಹೊಸ ಎಲುಬು ಮೆತ್ತಗೆ ಅಂಟಿಕೊಳ್ಳಲು ಶುರುವಾಗಿರುತ್ತದೆ; ಹೊರಗಿನಿಂದ ಜಗ್ಗಿದರೆ ಪೂರ್ತಿ ಬರುವುದಿಲ್ಲ. ಪೂರ್ತಿ ಬಾರದ ಮುರಿತಕ್ಕೆ ತಂತಿ ಹಾಕಿದರೆ ತಪ್ಪನ್ನೇ ಗಟ್ಟಿ ಮಾಡಿದಂತೆ. 2014ರ ಮೊದಲ ಡ್ರಾಫ್ಟ್ ಅಧ್ಯಯನದಲ್ಲಿ 461 ಜನರಲ್ಲಿ ತಂತಿ ಮತ್ತು ಪ್ಲೇಟು ವರ್ಷದ ಮೇಲೆ ಸಮವಾಗಿ ಬಂದವು, ನಿಜ. ತಂತಿ ಅಗ್ಗ, ಬೇಗ. ಆದರೆ ಅಲ್ಲಿದ್ದವರೆಲ್ಲ ಹೊರಗಿನಿಂದ ಜಗ್ಗಿದರೆ ಕೂಡುವ ಮುರಿತದವರು. ಅಧ್ಯಯನ ಓದುವಾಗ ಯಾರನ್ನು ಒಳಗೆ ಬಿಟ್ಟುಕೊಂಡರು ಎಂದು ನೋಡದೆ ಕೊನೆಯ ಸಾಲನ್ನಷ್ಟೇ ಹೇಳುವ ಚಟ ನಮ್ಮಲ್ಲಿ ಇದೆ.

‘ಹಾಗೇ ಬಿಡುವುದು’ ಮಾತ್ರ ಹಗುರವಾಗಿ ತಳ್ಳಿಹಾಕುವ ದಾರಿ ಅಲ್ಲ. ಕಾಲಿಸ್ ಕೂಡ ಅದನ್ನೇ ಹೇಳಿದ್ದ: ಸೊಟ್ಟ ಜೀವಮಾನವಿಡೀ ಉಳಿಯುತ್ತದೆ, ಆದರೆ ಕಾಲ ಕಳೆದಂತೆ ಕೈ ಆಡುತ್ತದೆ, ನೋವೂ ಹೋಗುತ್ತದೆ ಎಂದು. 65 ದಾಟಿದವರಲ್ಲಿ ಪ್ಲೇಟು ಮತ್ತು ಪ್ಲಾಸ್ಟರ್ ಹೋಲಿಸಿದ ಆಸ್ಟ್ರಿಯಾದ ಅಧ್ಯಯನ 2011ರಲ್ಲಿ ಬಂತು. ಎಕ್ಸ್‌ರೇ ಪ್ಲೇಟಿನವರದೇ ಚಂದ, ಹಿಡಿತ ಸ್ವಲ್ಪ ಗಟ್ಟಿ, ಆದರೆ ದಿನನಿತ್ಯದ ಕೆಲಸದಲ್ಲಿ ವರ್ಷದ ಮೇಲೆ ವ್ಯತ್ಯಾಸವಿಲ್ಲ. ಆಪರೇಷನ್ನಿನ ತೊಂದರೆಗಳು ಮಾತ್ರ ಪ್ಲೇಟಿನವರಿಗೇ ಹೆಚ್ಚು. ಅಮೆರಿಕದ ಎಲುಬು ಡಾಕ್ಟರುಗಳ ಸಂಘದ ಮಾರ್ಗಸೂಚಿಯೂ 65ರ ಮೇಲಿನವರಿಗೆ ಆಪರೇಷನ್ನಿನಿಂದ ದೀರ್ಘಕಾಲದ ಲಾಭ ಕಾಣದು ಎಂದೇ ಹೇಳುತ್ತದೆ. ನಾನೂ ಎಷ್ಟೋ ಅಜ್ಜಿಯರನ್ನು ಸೊಟ್ಟ ಕೈಯಲ್ಲೇ ಕಳಿಸಿದ್ದೇನೆ. ಅವರು ಅದೇ ಕೈಯಲ್ಲಿ ಎಲೆ ಅಡಿಕೆ ಹಾಕಿಕೊಂಡು, ಮೊಮ್ಮಕ್ಕಳಿಗೆ ಹೊಡೆದು, ಸುಖವಾಗಿದ್ದಾರೆ.

ಈಕೆ 62. 65 ಎಂಬ ಗೆರೆ ಪುಸ್ತಕದ್ದು; ಮೂರು ವರ್ಷ ಆಚೆ ಈಚೆಯಾದರೆ ಎಲುಬೇನೂ ಬದಲಾಗುವುದಿಲ್ಲ. ಹಾಗಾಗಿ ವಯಸ್ಸನ್ನು ಬದಿಗಿಟ್ಟು, ರೊಟ್ಟಿ ಹೇಗೆ ಬಡಿಯುತ್ತೀರಿ ತೋರಿಸಿ ಎಂದೆ.

ನಕ್ಕರು. ಸೊಸೆಯೂ ನಕ್ಕಳು. ಆಮೇಲೆ ನನ್ನ ಮೇಜಿನ ಮೇಲಿನ ಫೈಲು ಸರಿಸಿ, ಎಡಗೈಯನ್ನೇ ಬಲಗೈ ಮಾಡಿಕೊಂಡು ತೋರಿಸಿದರು. ಅಂಗೈ ಪೂರ್ತಿ ಬಿಚ್ಚಿ, ಬೆರಳು ಒಂದಕ್ಕೊಂದು ಹತ್ತಿಸಿ, ಮಣಿಕಟ್ಟು ಹಿಂದಕ್ಕೆ ಬಾಗಿ ಅಂಗೈ ಚಪ್ಪಟೆಯಾಗಿ ಬೀಳುತ್ತದೆ. ಪೆಟ್ಟಲ್ಲ, ಒತ್ತೂ ಅಲ್ಲ, ಬಿದ್ದು ಎಳೆದಂತೆ. ಇನ್ನೊಂದು ಕೈಯ ಬೆರಳ ತುದಿ ರೊಟ್ಟಿಯನ್ನು ಸುತ್ತಿಸುತ್ತದೆ. ಕಿರುಬೆರಳ ಕಡೆಯ ಅಂಗೈ ಅಂಚು ರೊಟ್ಟಿಯ ಅಂಚನ್ನು ತೆಳ್ಳಗೆ ಮಾಡುತ್ತದೆ. ಬಡಿದಾದ ಮೇಲೆ ಎರಡೂ ಅಂಗೈ ಮೇಲೆ ಮಾಡಿ, ರೊಟ್ಟಿಯ ಕೆಳಗೆ ತೂರಿಸಿ, ಎತ್ತಿ ಹಂಚಿಗೆ ಹಾಕುವುದು. ಆ ರಾತ್ರಿ ಮನೆಯಲ್ಲಿ ನಾನು ಎಣಿಸಿದೆ: ಒಂದು ರೊಟ್ಟಿಗೆ ಸುಮಾರು 40 ಬಡಿತ. 150 ರೊಟ್ಟಿಗೆ 6,000.

ಈಗ ಎಕ್ಸ್‌ರೇಯ ಪಕ್ಕ ಇದನ್ನು ಇಡಿ. ಸರಿಯಿರುವ ಕೈಯಲ್ಲಿ ಭಾರದ 80 ಪಾಲು ರೇಡಿಯಸ್, 20 ಪಾಲು ಅಲ್ನಾ ಹೊರುತ್ತವೆ. ಅಲ್ನಾ ಬರೀ 2.5 ಮಿ.ಮೀ. ಉದ್ದವಾದರೂ ಅದರ ಪಾಲು 40 ದಾಟುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದಾರೆ. ಇವರದು 4 ಮಿ.ಮೀ. ದಿನಕ್ಕೆ 6,000 ಸಲ ಕಿರುಬೆರಳ ಕಡೆಯ ಅಂಚಿನ ಮೇಲೆ ಬೀಳುವ ಕೈ. ಜೊತೆಗೆ ರೇಡಿಯಸ್ ಗಿಡ್ಡಾಗಿ ವಾಲಿದರೆ ಅಂಗೈ ಮೇಲೆ ಮಾಡುವ ತಿರುವು ಕಡಿಮೆಯಾಗುತ್ತದೆ; ರೊಟ್ಟಿ ಬಡಿಯಬಹುದು, ಹಂಚಿಗೆ ಎತ್ತಿ ಹಾಕಲು ಬರುವುದಿಲ್ಲ. ಅಧ್ಯಯನಗಳಲ್ಲಿ ತುಂಬಿಸುವ ಪ್ರಶ್ನಾವಳಿಯಲ್ಲಿ ಬಾಗಿಲ ಹಿಡಿ ತಿರುವುವುದು, ಅಂಗಿ ಗುಂಡಿ ಹಾಕುವುದು ಇವೆ. ಜೋಳದ ರೊಟ್ಟಿ ಇಲ್ಲ.

“ರಾಡ್ ಹಾಕ್ತೀರೇನ್ರಿ?” ಎಂದು ಮಗ ಕೇಳಿದ. ನಮ್ಮ ಕಡೆ ದೇಹದೊಳಗೆ ಹಾಕುವ ಲೋಹವೆಲ್ಲ ರಾಡೇ. ಹಾಕೋಣ ಎಂದೆ, ಮೊದಲೇ ಬಂದಿದ್ದರೆ ಸುಲಭವಿತ್ತು, ತಾರೀಖು ಬರೆದುಕೊಡದ್ದು ನನ್ನ ತಪ್ಪು ಎಂದೂ ಹೇಳಿದೆ. ಆತ ಅದಕ್ಕೆ ಏನೂ ಅನ್ನಲಿಲ್ಲ, ಕಾರ್ಡಿನ ವಿಷಯ ಕೇಳಿದ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ಚೀಟಿ, ಒಪ್ಪಿಗೆ ಎಲ್ಲ ಸೇರಿ ಎರಡು ದಿನ ಹೋಯಿತು. ಹದಿನೇಳನೆಯ ದಿನ ಆಪರೇಷನ್.

ಮಾಳಿಗೆಯ ಜಂತಿ

ಪ್ಲೇಟು ಹೇಗೆ ಹಿಡಿಯುತ್ತದೆ ಎಂದು ಗಂಡನಿಗೆ ಹೇಳುವಾಗ ಅವರ ಮನೆಯ ಮಾಳಿಗೆಯನ್ನೇ ಉದಾಹರಣೆ ಕೊಟ್ಟೆ. ಹಳೆಯ ಮಣ್ಣಿನ ಮಾಳಿಗೆ ನಿಲ್ಲುವುದು ಮಣ್ಣಿನ ಬಲದಿಂದಲ್ಲ, ಕೆಳಗೆ ಸಾಲಾಗಿ ಹಾಸಿದ ಜಂತಿಗಳಿಂದ. ಮೊದಲಿನ ಪ್ಲೇಟುಗಳ ಸ್ಕ್ರೂ ಎಲುಬನ್ನು ಕಚ್ಚಿ, ಪ್ಲೇಟನ್ನು ಎಲುಬಿಗೆ ಒತ್ತಿ ಹಿಡಿಯುತ್ತಿದ್ದವು. ಎಲುಬೇ ಗೆದ್ದಲು ತಿಂದ ಕಟ್ಟಿಗೆಯಂತಿದ್ದರೆ ಮೊಳೆ ಎಲ್ಲಿ ಹಿಡಿಯಬೇಕು? ಲಾಕಿಂಗ್ ಪ್ಲೇಟಿನಲ್ಲಿ ಸ್ಕ್ರೂವಿನ ತಲೆಗೂ ಮರೆ (ತಿರುಪಿನ ಸುರುಳಿ ಗೆರೆ) ಇರುತ್ತದೆ, ಪ್ಲೇಟಿನ ತೂತಿಗೂ ಮರೆ ಇರುತ್ತದೆ. ಸ್ಕ್ರೂ ಪ್ಲೇಟಿಗೇ ಕಚ್ಚಿಕೊಂಡು ಎರಡೂ ಒಂದೇ ತುಂಡಾಗುತ್ತವೆ. ತುದಿಯಲ್ಲಿ ಸಾಲಾಗಿ ಹೋಗುವ ಸ್ಕ್ರೂಗಳು ಕೀಲಿನ ಮುಖದ ಕೆಳಗೆ ಜಂತಿಯಂತೆ ನಿಂತು ಅದನ್ನು ಹೊರುತ್ತವೆ. ಗಂಡ ತಲೆಯಾಡಿಸಿ, “ಜಂತಿ ತುದಿ ಗ್ವಾಡಿ ಹೊರಗ ಬರಬಾರದ್ರಿ, ಮಳಿ ನೀರು ಕುಡಿತೈತಿ,” ಎಂದರು. ಆಪರೇಷನ್ನಿನ ಅತಿ ಮುಖ್ಯ ಎಚ್ಚರಿಕೆಯೇ ಅದು ಎಂದು ಅವರಿಗೆ ಗೊತ್ತಿರಲಿಲ್ಲ.

ಮೊದಲೆಲ್ಲ ಪ್ಲೇಟನ್ನು ಕೈ ಬೆನ್ನಿನ ಕಡೆ ಹಾಕುತ್ತಿದ್ದರು. ಅಲ್ಲಿ ಚರ್ಮದ ಕೆಳಗೇ ಬೆರಳೆತ್ತುವ ಹುರಿಗಳು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗಗಳು), ಲೋಹಕ್ಕೆ ತಿಕ್ಕಿ ಹರಿಯುತ್ತಿದ್ದವು. 2000ದ ಸುಮಾರಿಗೆ ಅಮೆರಿಕದ ಮಿಯಾಮಿಯ ಸರ್ಜನ್ ಹೋರ್ಹೆ ಓರ್ಬೇ ಅಂಗೈ ಕಡೆಯಿಂದ ಹಾಕುವ ಲಾಕಿಂಗ್ ಪ್ಲೇಟನ್ನು ಬಳಕೆಗೆ ತಂದ ಮೇಲೆ ದಾರಿ ಬದಲಾಯಿತು.

ಕೊರಳ ಪಕ್ಕದಲ್ಲಿ ಇಂಜೆಕ್ಷನ್ ಕೊಟ್ಟು ಕೈಯಷ್ಟನ್ನೇ ಮರಗಟ್ಟಿಸಿದ್ದರು; ಈಕೆ ಎಚ್ಚರವಿದ್ದು ಸಿಸ್ಟರ್ ಜೊತೆ ಜಾತ್ರೆಯ ಮಾತಾಡುತ್ತಿದ್ದರು. ತೋಳಿಗೆ ರಕ್ತ ತಡೆಯುವ ಪಟ್ಟಿ, ಟೂರ್ನಿಕೆ; ಒತ್ತಡ 250. ಮಣಿಕಟ್ಟಿನ ಮೇಲೆ ಹೆಬ್ಬೆರಳ ಕಡೆ ಎದ್ದು ಕಾಣುವ ಹುರಿಯ ಮೇಲೆ 7 ಸೆಂ.ಮೀ. ಗೀರು. ಆ ಹುರಿಯನ್ನು ಒಳಕ್ಕೆ ಸರಿಸಿದರೆ ಹೊರಗೆ ರೇಡಿಯಲ್ ರಕ್ತನಾಳ, ಒಳಗೆ ಮೀಡಿಯನ್ ನರ, ನಡುವೆ ದಾರಿ. ತಳದಲ್ಲಿ ಅಡ್ಡಡ್ಡ ಹಾಸಿದ ಚೌಕದ ಸ್ನಾಯು. ಅದನ್ನು ಎತ್ತಿದರೆ ಮುರಿತ.

ಹದಿನೇಳು ದಿನದ ಮುರಿತ ಗೆರೆಯಂತೆ ಕಾಣುವುದಿಲ್ಲ. ತೇವದ ರವೆ ಮೆತ್ತಿದಂತೆ ಇರುತ್ತದೆ. ಅದನ್ನೆಲ್ಲ ಕೆರೆದು, ತುಂಡನ್ನು ಹೊರಕ್ಕೆಳೆಯುವ ಸ್ನಾಯುವನ್ನು ಬಿಡಿಸಿ, ಅದು ಆಡುವಂತೆ ಮಾಡುವುದಕ್ಕೇ ಅರ್ಧ ಹೊತ್ತು ಹಿಡಿಯಿತು. ಮೂರನೆಯ ದಿನ ಮಾಡಿದ್ದರೆ ಇದು ಐದು ನಿಮಿಷದ ಕೆಲಸ. ಆಮೇಲೆ ಪ್ಲೇಟನ್ನು ಮೊದಲು ತುದಿಯ ತುಂಡಿಗೆ ಹಿಡಿಸಿದೆ. ತುಂಡು ಹಿಂದಕ್ಕೆ ವಾಲಿದ್ದರಿಂದ ಪ್ಲೇಟಿನ ಬಾಲ ಎಲುಬಿನಿಂದ ಮೇಲೆದ್ದು ನಿಲ್ಲುತ್ತದೆ. ಬಾಲವನ್ನು ಎಲುಬಿಗೆ ಒತ್ತಿ ಸ್ಕ್ರೂ ಹಾಕಿದಂತೆ, ತುದಿ ತಾನಾಗಿ ಮುಂದಕ್ಕೆ ಬಾಗುತ್ತದೆ. ಸನ್ನೆಕೋಲಿನ ಲೆಕ್ಕ. ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದ ಪರದೆಯ ಮೇಲೆ ಎರಡು ವಾರದ ವಾಲು ಒಂದು ಸ್ಕ್ರೂ ತಿರುವಿನಲ್ಲಿ ನೆಟ್ಟಗಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ.

ತುದಿಗೆ ಆರು ಲಾಕಿಂಗ್ ಸ್ಕ್ರೂ, 2.4 ಮಿ.ಮೀ. ದಪ್ಪದವು, ಬಾಲಕ್ಕೆ ಮೂರು. ಗಂಡ ಹೇಳಿದ ಜಂತಿಯ ತುದಿ ಇಲ್ಲಿ ಬರುತ್ತದೆ. ಸ್ಕ್ರೂ ಬೆನ್ನಿನ ಗೋಡೆ ದಾಟಿ ಒಂದೆರಡು ಮಿ.ಮೀ. ಹೊರಬಂದರೂ ಹೆಬ್ಬೆರಳನ್ನು ಎತ್ತುವ ಹುರಿ ಅದರ ಮೇಲೆ ತಿಕ್ಕಿ ಹರಿಯಬಹುದು. ಪಕ್ಕದ ಎಕ್ಸ್‌ರೇ ಸಾಲದು. ಬೆನ್ನಿನ ಗೋಡೆ ನಡುವೆ ಉಬ್ಬಿರುವುದರಿಂದ ಅದರ ಆಚೀಚೆ ಚಾಚಿದ ತುದಿ ಮರೆಯಾಗುತ್ತದೆ. ಅಳತೆ 20 ಬಂದಲ್ಲಿ 18 ಹಾಕುವುದು ನನ್ನ ರೂಢಿ. ಎಲುಬಿನ ಮುಕ್ಕಾಲು ದಾಟಿದರೆ ಲಾಕಿಂಗ್ ಸ್ಕ್ರೂಗೆ ಬಲ ಸಾಕು. ಮಣಿಕಟ್ಟು ಪೂರ್ತಿ ಮಡಚಿ ಅಂಚಿನ ಮೇಲಿನಿಂದ ಒಂದು ಚಿತ್ರ ತೆಗೆದು ಖಾತ್ರಿ ಮಾಡಿಕೊಂಡೆ. ಬೆನ್ನಿನ ಕಡೆ ಸ್ವಚ್ಛ. ಅಂಗೈ ಕಡೆ ಪ್ಲೇಟಿನ ಅಂಚು ಇರಬೇಕಾದಲ್ಲಿಂದ ಒಂದು ಕೂದಲು ಮುಂದೆ ಬಂದಿತ್ತು. ತುದಿಯ ತುಂಡು ಚಿಕ್ಕದು, ಹಿಂದಕ್ಕೆ ಸರಿಸಿದರೆ ಜಂತಿಗಳು ಕೀಲಿನ ಮುಖದಿಂದ ದೂರ ಬೀಳುತ್ತಿದ್ದವು. ಇರಲಿ ಎಂದು ಬಿಟ್ಟು, ಆಪರೇಷನ್ ಟಿಪ್ಪಣಿಯಲ್ಲಿ ಬರೆದೆ. ಮುಂದಕ್ಕೆ 7 ಡಿಗ್ರಿ, ಎತ್ತರ 11, ಅಲ್ನಾ ಸಮ. 70 ನಿಮಿಷ.

ಬೆರಳು

ಪ್ಲೇಟು ಹಾಕಿಸಿಕೊಂಡವರು ಕೈಯನ್ನು ಗಾಜಿನ ಸಾಮಾನಿನಂತೆ ನೋಡಿಕೊಳ್ಳುತ್ತಾರೆ. ಈಕೆ ಸೆರಗಿನಲ್ಲಿ ಕೈ ಸುತ್ತಿ ಎದೆಗೆ ಒತ್ತಿಕೊಂಡು ಹನ್ನೆರಡು ದಿನ ಕೂತರು. ಹೊಲಿಗೆ ಬಿಚ್ಚುವ ದಿನ ಗಾಯ ಚೊಕ್ಕ, ಎಕ್ಸ್‌ರೇ ಚೊಕ್ಕ, ಬೆರಳು ಮಾತ್ರ ಕಟ್ಟಿಗೆ. ಮುಷ್ಟಿ ಮಾಡಿ ಎಂದರೆ ಬೆರಳ ತುದಿಗೂ ಅಂಗೈಗೂ ನಡುವೆ 3 ಸೆಂ.ಮೀ. ಬಾಕಿ. “ಅಲುಗಾಡಿಸಿದ್ರ ಒಳಗಿಂದು ಕಿತ್ತು ಬರ್ತೈತಿ ಅಂತ ಓಣ್ಯಾಗಿನವ್ರು ಅಂದ್ರ್ರೀ.” ಪ್ಲೇಟು ಹಾಕುವುದೇ ಬೇಗ ಅಲುಗಾಡಿಸುವುದಕ್ಕೆ. ಅಲುಗಾಡಿಸದಿದ್ದರೆ ಪ್ಲಾಸ್ಟರ್ ಸಾಕಿತ್ತು.

ಊತ, ಬೆವರು, ಸುಡುವ ನೋವು ಸೇರಿ ಕೈ ಬಿಗಿಯುವ ರೋಗವೊಂದಿದೆ, ಅದಿರಲಿಲ್ಲ. ಅದನ್ನು ತಡೆಯಲು 50 ದಿನ ದಿನಕ್ಕೆ 500 ಮಿ.ಗ್ರಾಂ. ವಿಟಮಿನ್ ಸಿ ಕೊಡುವ ಪದ್ಧತಿ ಇದೆ. ಕೊಟ್ಟೆ. ಅದರ ಮೇಲೆ ನನಗೆ ಅರ್ಧ ನಂಬಿಕೆ, ಅಷ್ಟೇ ಖರ್ಚು.

ನಮ್ಮ ಫಿಸಿಯೋಥೆರಪಿಸ್ಟ್ ಹುಡುಗಿ ಗದಗ ಕಡೆಯವಳು. ಅವಳೂ ರೊಟ್ಟಿ ಬಲ್ಲವಳು. ಮೊದಲ ಎರಡು ವಾರ ಬೆರಳು: ಕೊಕ್ಕೆ, ಮುಷ್ಟಿ, ಪೂರ್ತಿ ಬಿಚ್ಚು, ಗಂಟೆಗೆ ಹತ್ತು ಸಲ. ಮಣಿಕಟ್ಟು ಮೇಲೆ ಕೆಳಗೆ. ಲಟ್ಟಣಿಗೆಯ ಒಂದು ತುದಿ ಹಿಡಿದು ಆಚೆ ಈಚೆ ವಾಲಿಸುವುದು, ತಿರುವು ಬರಲಿಕ್ಕೆ. ಚಹಾ ಕಪ್ಪಿಗಿಂತ ಭಾರ ಆರು ವಾರ ಬೇಡ. ಆರು ವಾರದ ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಂಡ ಮೇಲೆ ಹಿಟ್ಟು: ಮೊದಲು ಮೆತ್ತಗೆ ನಾದಿದ ಗೋಧಿ ಹಿಟ್ಟು, ಆಮೇಲೆ ಜೋಳದ್ದು. ಗೋಧಿ ಹಿಟ್ಟಿಗೆ ಜಿಗುಟು ಇರುತ್ತದೆ, ಕೈಗೆ ಕರುಣೆ ತೋರುತ್ತದೆ. ಜೋಳದ ಹಿಟ್ಟು ಬಿಸಿ ಎಸರು ಹಾಕಿ ನಾದದಿದ್ದರೆ ಬಿರಿಯುತ್ತದೆ. ನಾದಲು ಅಂಗೈ ಬುಡದ ಬಲ ಬೇಕು. ಹತ್ತನೆಯ ವಾರ ಮೊದಲ ರೊಟ್ಟಿ. ದುಂಡಗಾಗಲಿಲ್ಲವಂತೆ. ಸೊಸೆ ಮೊಬೈಲಿನಲ್ಲಿ ಫೋಟೋ ತೋರಿಸಿದಳು, ಅತ್ತೆ ಕಸಿದುಕೊಂಡರು.

ಆರು ತಿಂಗಳಿಗೆ ಬರೆದಿಟ್ಟದ್ದು: ಹಿಂದಕ್ಕೆ ಬಾಗು 60, ಮುಂದಕ್ಕೆ 50, ಅಂಗೈ ಮೇಲೆ 80. ಹಿಡಿತ ಬಲಗೈ 16 ಕಿಲೋ, ಎಡಗೈ 19. ದಿನಕ್ಕೆ 80 ರೊಟ್ಟಿ. ಉಳಿದ 70ನ್ನು ಸೊಸೆ ಬಡಿಯುತ್ತಾಳೆ. ಕೈಗೆ ಆಗದ್ದಕ್ಕಲ್ಲ; “ಇನ್ನ ಆಕೀನೂ ಕಲೀಲಿ” ಎಂಬ ಕಾರಣಕ್ಕೆ.

ಎಲುಬಿನ ಮಾತು ಬಾಕಿ ಇತ್ತು. 50 ದಾಟಿದವರು ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಅದು ಮುಂದಿನ ಬೆನ್ನೆಲುಬು, ಸೊಂಟದ ಮುರಿತಕ್ಕೆ ಮುನ್ಸೂಚನೆ. ಮಣಿಕಟ್ಟಿನವರನ್ನು ಕೂಡಿಸಿ ಕಳಿಸಿ, ಹತ್ತು ವರ್ಷದ ಮೇಲೆ ಅವರೇ ಸೊಂಟ ಮುರಿದುಕೊಂಡು ಬಂದಾಗ ಹಳೆಯ ಫೈಲು ತೆಗೆದು ತಲೆ ಚಚ್ಚಿಕೊಂಡದ್ದು ನನಗೆ ಹೊಸದಲ್ಲ. ಎಲುಬಿನ ಸಾಂದ್ರತೆ ಅಳೆಸಿದಾಗ ಟಿ-ಸ್ಕೋರ್ ಮೈನಸ್ 2.8, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಎಂದರೆ ಎಲುಬು ಟೊಳ್ಳಾಗುವ ರೋಗ. ಕ್ಯಾಲ್ಸಿಯಂ, ವಿಟಮಿನ್ ಡಿ, ಎಲುಬಿನ ಸವೆತ ತಡೆಯಲು ವಾರಕ್ಕೊಂದು ಅಲೆಂಡ್ರೋನೇಟ್ 70 ಮಿ.ಗ್ರಾಂ. ಈ ಮಾತ್ರೆಯದು ದೊಡ್ಡ ಮಡಿ: ಬರೀ ಹೊಟ್ಟೆ, ಒಂದು ಲೋಟ ನೀರು, ಅರ್ಧ ಗಂಟೆ ಮಲಗಬಾರದು, ಚಹಾ ಕೂಡ ಇಲ್ಲ. ನಸುಕಿನ ನಾಲ್ಕಕ್ಕೆ ಎದ್ದು ಮೊದಲು ಚಹಾ ಇಡುವವರಿಗೆ ಇದು ಆಗದ ಮಾತು. ಎರಡು ಸಲ ಬಿಟ್ಟರು. ಮೂರನೆಯ ಸಲ ತಾವೇ ದಾರಿ ಹುಡುಕಿದರು: “ಸ್ವಾಮಾರ ನಂದು ಒಪ್ಪತ್ರೀ. ಅವತ್ತ ಪೂಜಿ ಆಗೂತನ ಏನೂ ಕುಡಿಯಂಗಿಲ್ಲ. ಸ್ವಾಮಾರ ತಗೋತೀನಿ.” ಆಮೇಲೆ ಒಂದು ವಾರವೂ ತಪ್ಪಿಲ್ಲ. ಬಚ್ಚಲಿನ ಕಡಪಾ ಕಲ್ಲಿನ ಮೇಲೆ ಗೋಣಿಚೀಲ ಹಾಸಿದ್ದಾರೆ.

ಹನ್ನೊಂದನೆಯ ತಿಂಗಳು

ಪ್ಲೇಟು ತೆಗೆಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ತೊಂದರೆ ಇಲ್ಲದಿದ್ದರೆ ಬೇಡ ಎನ್ನುತ್ತೇನೆ. ಡಿಸೆಂಬರಿನಲ್ಲಿ ಈಕೆ ಬೇರೆ ಪ್ರಶ್ನೆ ತಂದರು. “ಹೆಬ್ಬಟ್ಟು ಮಡಚಿದ್ರ ಒಳಗ ಕಟಕಟ ಅಂತೈತ್ರಿ. ನೋವೇನಿಲ್ಲ.”

ಮಣಿಕಟ್ಟಿನ ಮೇಲೆ ಬೆರಳಿಟ್ಟು ಹೆಬ್ಬೆರಳು ಮಡಚಿಸಿದೆ. ಹಸಿ ಅಕ್ಕಿ ಅಗಿದಂತೆ ತರತರ. ಹೆಬ್ಬೆರಳನ್ನು ಮಡಚುವ ಹುರಿ ಪ್ಲೇಟಿನ ಅಂಚಿನ ಮೇಲೆಯೇ ಹಾಯುತ್ತದೆ. ಪಕ್ಕದ ಎಕ್ಸ್‌ರೇಯಲ್ಲಿ ಎಲುಬಿನ ಮುಂಚಾಚಿನ ಗೆರೆಗಿಂತ ಪ್ಲೇಟು ಮುಂದಿದೆಯೇ ನೋಡಿ 0, 1, 2 ಎಂದು ದರ್ಜೆ ಕೊಡುವ ಪದ್ಧತಿಯಿದೆ. ದರ್ಜೆ ಏರಿದಂತೆ ಹುರಿಗೆ ಅಪಾಯ. ಇವರದು 1. ನಾನು ‘ಇರಲಿ’ ಎಂದು ಬಿಟ್ಟಿದ್ದ ಆ ಒಂದು ಕೂದಲು. ಹರಿದರೆ ಒಂದು ಬೆಳಿಗ್ಗೆ ಹೆಬ್ಬೆರಳ ತುದಿ ಮಡಚಲು ಬರುವುದಿಲ್ಲ, ನೋವೂ ಇರುವುದಿಲ್ಲ. ಆಮೇಲೆ ಬೇರೆ ಹುರಿ ತಂದು ಜೋಡಿಸಬೇಕು. ಸಪ್ಪಳವಿರುವಾಗಲೇ ಪ್ಲೇಟು ತೆಗೆದರೆ ಹುರಿ ಉಳಿಯುತ್ತದೆ.

“ಜಾತ್ರಿ ಮುಗೀಲ್ರಿ. ಎಂಟು ದಿನ ಬಿಟ್ಟು ಬರ್ತೀನಿ,” ಎಂದರು.

ಈ ಸಲ ಚೀಟಿಯನ್ನೂ ನಂಬಲಿಲ್ಲ. ಮಗನಿಗೆ ಫೋನ್ ಹಚ್ಚಿ, ಖಾನಾವಳಿಯ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಗುರುವಾರಕ್ಕೆ ಸುತ್ತು ಹಾಕಿಸಿದೆ. ಅವತ್ತು ಅಲ್ಲಿಗೆ ರೊಟ್ಟಿ ಬಾರದು ಎಂದು ಮಾಲೀಕರಿಗೆ ಗೊತ್ತಾದರೆ, ಈಕೆ ಎಲ್ಲಿರಬೇಕು ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ.

ಗುರುವಾರ ಬಂದರು. ಹಳೆಯ ಗೀರಿನಲ್ಲೇ ಒಳಹೋದೆ. ಹುರಿಯ ಸುತ್ತಲಿನ ಪೊರೆ ಊದಿ ಕೆಂಪಾಗಿತ್ತು; ಕೆಳಬದಿಯಲ್ಲಿ ನಾಲ್ಕಾರು ಎಳೆ ಹಗ್ಗ ಸವೆದಂತೆ ಎದ್ದಿದ್ದವು, ಹುರಿ ಮಾತ್ರ ಇಡಿಯಾಗಿತ್ತು. ಒಂಬತ್ತು ಸ್ಕ್ರೂಗಳಲ್ಲಿ ಎಂಟು ಸಲೀಸಾಗಿ ಬಂದವು. ಒಂದು ಟೈಟಾನಿಯಂ ತಲೆ ಪ್ಲೇಟಿಗೇ ಬೆಸೆದುಕೊಂಡಂತೆ ಕೂತು ಇಪ್ಪತ್ತು ನಿಮಿಷ ಕಾಡಿತು. ಎಳೆಗಳನ್ನು ಸವರಿ, ಪೊರೆ ತೆಗೆದು, ಮೇಜಿನ ಮೇಲೆಯೇ ಹೆಬ್ಬೆರಳು ಮಡಚಿಸಿದೆ. ಸಪ್ಪಳವಿಲ್ಲ.

ಪ್ಲೇಟನ್ನು ಸ್ಕ್ರೂಗಳ ಸಮೇತ ಒಂದು ಬಾಟಲಿಯಲ್ಲಿ ಹಾಕಿ ಕೊಟ್ಟೆವು. ಎಣಿಸಿದರು. “ಒಂಬತ್ತ. ಬಳಿನೂ ಒಂಬತ್ತ ಇದ್ವು,” ಎಂದು ಸಿಸ್ಟರ್ ಮುಖ ನೋಡಿದರು.